ಲಾರಿಯ ಎರಡನೆಯವನು

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ನೆಲದ ಮೇಲೆ ಇಂದಿಗೂ ರೈಲು ಓಡಿಲ್ಲ. ಸಿದ್ದಾಪುರದವರಿಗೆ ಪಕ್ಕದ ಸಾಗರ ತಾಲೂಕಿನ ತಾಳಗುಪ್ಪ ಹತ್ತಿರದ ನಿಲ್ದಾಣ. ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗಬೇಕು. ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಕೇಳುತ್ತ ಕೇಳುತ್ತಲೇ ಒಂದು ತಲೆಮಾರಿಗೆ ತಲೆ ನೆರೆಯಿತು. ಹಾಗಾಗಿ ನಮ್ಮ ಬದಿಯಿಂದ ಅಡಿಕೆ ಹೋಗುವುದೂ, ನಮ್ಮ ಬದಿಗೆ ಅಕ್ಕಿ, ಗೊಬ್ಬರ, ಸಿಮೆಂಟು ಬರುವುದೂ ಲಾರಿಯಲ್ಲೇ. ಅಡಿಕೆಯ ಚರಿತ್ರೆ ಬರೆದವರಿದ್ದಾರೆ, ಸಹಕಾರಿ ಸಂಘಗಳ ಚರಿತ್ರೆ ಬರೆದವರಿದ್ದಾರೆ. ಆ ಮೂಟೆಗಳನ್ನು ಅಹಮದಾಬಾದಿಗೋ ಕಾನಪುರಕ್ಕೋ ಮುಟ್ಟಿಸಿದವರ ಸುದ್ದಿ ಮಾತ್ರ ಲಾರಿಯ ಹಿಂದೆ ಏಳುವ ಧೂಳಿನಲ್ಲೇ ಅಡಗಿಹೋಗಿದೆ.

ಕಸುಬು ಲಾರಿಗಿಂತ ಹಳೆಯದು. ಘಟ್ಟದ ಮೇಲಿನ ಸರಕು ಕುಮಟೆಯ ಬಂದರಕ್ಕೆ ಇಳಿಯುತ್ತಿದ್ದುದು ಮೊದಲು ಹೇರೆತ್ತುಗಳ ಬೆನ್ನ ಮೇಲೆ. ರಸ್ತೆಯಾದ ಮೇಲೆ ಗಾಡಿಗಳಲ್ಲಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಾದಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಹತ್ತಿಯನ್ನು ಕಡಲಿಗೆ ಮುಟ್ಟಿಸುವ ಅವಸರವಿತ್ತು. ಬಯಲುಸೀಮೆಯಲ್ಲಿ ಬೆಳೆದ ಆ ಹತ್ತಿಗೆ ಪೇಟೆಯಲ್ಲಿ ನಿಂತ ಹೆಸರು ‘ಕುಮಟಾ ಹತ್ತಿ’. ಬೆಳೆದ ಊರಿನ ಹೆಸರು ಹೋಗಿ ಹಡಗು ಹತ್ತಿಸಿದ ಊರಿನ ಹೆಸರು ಉಳಿಯಿತು; ನಡುವಿನ ಘಟ್ಟ ದಾಟಿಸಿದವರ ಹೆಸರು ಎಲ್ಲೂ ಉಳಿಯಲಿಲ್ಲ. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದು ಹತ್ತಿ ಬೇರೆ ದಾರಿ ಹಿಡಿಯಿತು.

ಗಾಡಿಯ ಕಾಲದ ಒಂದು ಅನುಕೂಲವನ್ನು ನಾವು ಮರೆಯುತ್ತೇವೆ. ಗಾಡಿ ಹೊಡೆಯುವವನು ತೂಕಡಿಸಿದರೂ ಎತ್ತು ತೂಕಡಿಸುವುದಿಲ್ಲ. ಅದಕ್ಕೆ ದಾರಿಯೂ ಗೊತ್ತು, ಹೊಂಡವೂ ಗೊತ್ತು. ಎಂಜಿನ್ನಿಗೆ ಆ ಬುದ್ಧಿ ಇಲ್ಲ. ಎತ್ತು ಹೋಗಿ ಎಂಜಿನ್ನು ಬಂದ ದಿನವೇ, ಎಚ್ಚರವಾಗಿರುವ ಇನ್ನೊಂದು ಜೀವ ಮುಂದೆ ಕೂರಬೇಕಾಯಿತು.

ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ಅಡಿಕೆ ವ್ಯಾಪಾರ ಒಂದು ಹದಕ್ಕೆ ಬಂದ ಮೇಲೆ ಸಾಗಾಟವೂ ಬೆಳೆಯಿತು. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿದರು. 1975ರಲ್ಲಿ ರಾಷ್ಟ್ರೀಯ ಪರವಾನಗಿ ಬಂದು ರಾಜ್ಯದ ಗಡಿ ದಾಟುವುದು ಸುಲಭವಾಯಿತು. ಮರುವರ್ಷವೇ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಸಾಗಾಟದ ವ್ಯವಹಾರ ಆರಂಭಿಸಿದರು. ದೂರದ ದಾರಿಯ ಕಾಲ ಅದು.

ದೂರದ ದಾರಿಗೆ ಕಾನೂನೂ ಇತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ ಎಂದಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇನ್ನೂ ಮುಂದೆ ಹೋಗಿ, ರಾಷ್ಟ್ರೀಯ ಪರವಾನಗಿಯ ಲಾರಿಯಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕು, ಚಾಲಕನ ಹಿಂದೆ ಇನ್ನೊಬ್ಬ ಮೈಚಾಚಿ ಮಲಗಲು ಅಡ್ಡಗಲದ ಸೀಟು ಇರಬೇಕು ಎಂದವು. ಒಬ್ಬನ ನಿದ್ದೆಗೆಂದು ಸರಕಾರ ಜಾಗ ಅಳೆದುಕೊಟ್ಟದ್ದು ಅಪರೂಪದ ಸಂಗತಿಯೇ.

ಆದರೆ ನಮ್ಮ ಬದಿಯ ಎಷ್ಟೋ ಲಾರಿಗಳಲ್ಲಿ ಆ ಇನ್ನೊಬ್ಬ ಚಾಲಕ ಎಂದರೆ ಕ್ಲೀನರೇ. ಮೀಸೆ ಮೂಡುವ ಮೊದಲೇ ಲಾರಿ ಹತ್ತಿದ ಹುಡುಗ. ಹಗ್ಗ ಬಿಗಿದು ತಾಡಪತ್ರಿ ಕಟ್ಟುವುದು, ಕಬ್ಬಿಣದ ಸಲಾಕೆಯಿಂದ ಟಾಯರು ಬಡಿದು ಸದ್ದಿನಿಂದಲೇ ಗಾಳಿ ಅಳೆಯುವುದು, ದಾರಿ ಬದಿಗೆ ಒಲೆ ಹೂಡಿ ಅನ್ನ ಬೇಯಿಸುವುದು, ‘ಬರ್ಲಿ, ಬರ್ಲಿ’ ಎಂದು ಹಿಂದೆ ತರಿಸುವುದು ಅವನ ಪಾಲು. ಏರಿನಲ್ಲಿ ಲಾರಿ ನಿಂತರೆ ಹಾರಿ ಇಳಿದು ಗಾಲಿಯ ಹಿಂದೆ ಮರದ ತುಂಡು ಇಡಬೇಕು. ಒಂದು ಕ್ಷಣ ತಡವಾದರೆ ಲಾರಿಯೂ ಇಲ್ಲ, ಗುರುವೂ ಇಲ್ಲ. ದೇವಿಮನೆ, ಅರಬೈಲು, ದೊಡ್ಡಮನೆ ಘಟ್ಟಗಳೇ ಅವನ ಶಾಲೆ. ಹತ್ತುವ ಗೇರಿನಲ್ಲೇ ಇಳಿಯಬೇಕು, ಬ್ರೇಕನ್ನು ನಂಬಿ ಇಳಿಯಬಾರದು ಎಂಬುದು ಮೊದಲ ಪಾಠ. ಅವನ ದೊಡ್ಡ ಕೆಲಸ ಮಾತ್ರ ಯಾವ ನಿಯಮದಲ್ಲೂ ಬರೆದದ್ದಲ್ಲ: ರಾತ್ರಿ ಎರಡರ ನಂತರ ಮಾತಾಡುತ್ತಿರುವುದು. ಮದುವೆ, ಸಿನಿಮಾ, ಊರಿನ ಆಟ, ಏನಾದರೂ ಸರಿ. ಎದುರಿನವನ ಉತ್ತರ ತಡವಾಯಿತೆಂದರೆ ಲಾರಿ ಬದಿಗೆ ಹಾಕಿಸಬೇಕು.

2018ರಲ್ಲಿ ಕೇಂದ್ರ ಸರಕಾರ ಇಬ್ಬರು ಚಾಲಕರ ಕಡ್ಡಾಯವನ್ನು ತೆಗೆದುಹಾಕಿತು. ಅದಕ್ಕೆ ಕಾರಣಗಳಿಲ್ಲವೆಂದಲ್ಲ. ಚಾಲಕರೇ ಸಿಗದ ಕಾಲ, ಹೆದ್ದಾರಿ ಅಗಲವಾಗಿದೆ, 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯದ ಗಡಿಯಲ್ಲಿ ತೆರಿಗೆ ನಾಕೆಗೆ ಕಾಯುವುದು ತಪ್ಪಿದೆ. 2025ರಿಂದ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿಯೂ ಕಡ್ಡಾಯ. ಬೆವರು ಕಡಿಮೆಯಾಗುವುದು ಒಳ್ಳೆಯದೇ. ಆದರೆ ತಂಪು ಗಾಳಿ ನಿದ್ದೆ ಬರಿಸುತ್ತದೆಯೇ ಹೊರತು ಮಾತಾಡಿಸುವುದಿಲ್ಲ. ನಾಕೆಯ ಸಾಲಿನಲ್ಲಿ ಸಿಗುತ್ತಿದ್ದ ಅರ್ಧ ಗಂಟೆಯ ಜೊಂಪೂ ಈಗ ಇಲ್ಲ. ಕೂಲಿ ಟ್ರಿಪ್ಪಿನ ಲೆಕ್ಕದಲ್ಲಿದ್ದರಂತೂ ನಿದ್ದೆ ಎಂದರೆ ನಷ್ಟ. ಇನ್ನೊಂದು ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡನೆಯ ಸೀಟು ಖಾಲಿಯಾದಾಗ ಶಾಲೆಯೂ ಮುಚ್ಚಿತು. ಚಾಲಕರು ಸಿಗುವುದಿಲ್ಲವೆಂದು ಎರಡನೆಯವನನ್ನು ಇಳಿಸಿದೆವು. ಎರಡನೆಯವನಿಲ್ಲದೆ ನಾಳಿನ ಚಾಲಕ ಎಲ್ಲಿಂದ ಬರಬೇಕು?

ನಾವು ತೋಟದವರು ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ. 10 ಟನ್ ಅಡಿಕೆ ಎಂದರೆ 100 ಕ್ವಿಂಟಲ್. ಕ್ವಿಂಟಲಿಗೆ 40,000 ರೂಪಾಯಿ ಎಂದು ಹಿಡಿದರೂ ಒಂದು ಲಾರಿಯಲ್ಲಿ 40 ಲಕ್ಷದ ಮಾಲು ಹೋಗುತ್ತದೆ. ಎರಡನೆಯವನಿಗೆ ಒಂದು ಸುತ್ತಿಗೆ 10,000 ಕೊಟ್ಟರೂ ಅದು ಕಿಲೋಗೆ ಒಂದು ರೂಪಾಯಿ. ತೂಕದಲ್ಲಿ, ಒಣಗಿದ್ದರಲ್ಲಿ, ಗೋರಬಲಿನಲ್ಲಿ ಇದಕ್ಕಿಂತ ಹೆಚ್ಚು ಬಿಟ್ಟುಕೊಟ್ಟು ಸುಮ್ಮನಿದ್ದೇವೆ. ಆ ಒಂದು ರೂಪಾಯಿಯನ್ನು ಬೆಳೆದವನು, ಕೊಂಡವನು, ಲಾರಿಯ ಯಜಮಾನ ಹಂಚಿಕೊಂಡರೆ ಯಾರ ಮನೆಯ ಕಣಜವೂ ಬರಿದಾಗದು. ಕಾನೂನು ಕೈಬಿಟ್ಟದ್ದನ್ನು ಕೈಹಿಡಿಯಬಾರದೆಂದು ಯಾವ ಕಾನೂನೂ ಹೇಳಿಲ್ಲ.