ಕೆನೆಡಿ, ಪ್ಯಾಟ್ರಿಕ್ (ಸು. 1823–1858)
ಐರ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದ ಪೀಪಾಯಿ ಕೆಲಸಗಾರ. ಅಧ್ಯಕ್ಷ ಜಾನ್ ಎಫ್. ಕೆನೆಡಿಯ ಮುತ್ತಜ್ಜ. ವೆಕ್ಸ್‌ಫರ್ಡ್ ಕೌಂಟಿಯ ಡಂಗನ್ಸ್‌ಟೌನ್‌ನ ಗೇಣಿದಾರ ರೈತನ ಮಗ. ಕಿರಿಯವನಾದ ಅವನಿಗೆ ಜಮೀನು ಕೈಗೆ ಬರುವ ಆಸೆಯಿರಲಿಲ್ಲ. ಆಲೂಗಡ್ಡೆ ಬೆಳೆ ಕೊಳೆತು ಹಬ್ಬಿದ ಕ್ಷಾಮದ ಕಾಲದಲ್ಲಿ ಊರು ಬಿಟ್ಟು ಬಾಸ್ಟನ್ ಸೇರಿದ.

1849ರಲ್ಲಿ ಅಲ್ಲಿಯೇ ಬ್ರಿಜೆಟ್ ಮರ್ಫಿಯನ್ನು ಮದುವೆಯಾದ. ಅವಳೂ ವೆಕ್ಸ್‌ಫರ್ಡ್‌ನವಳೇ. ಸಂಸಾರ ನಡೆದದ್ದು ಬಂದರಿಗೆ ಅಂಟಿಕೊಂಡಿದ್ದ ಈಸ್ಟ್ ಬಾಸ್ಟನ್ನಿನಲ್ಲಿ. ಮರದ ಹಲಗೆಗಳನ್ನು ಬಾಗಿಸಿ, ಬಳೆಯಂತೆ ಪಟ್ಟಿ ಬಿಗಿದು ಪೀಪಾಯಿ ಕಟ್ಟುವುದು ಅವನ ಹೊಟ್ಟೆಪಾಡು. ಐವರು ಮಕ್ಕಳಾದರು: ಮೇರಿ, ಜೋಆನಾ, ಜಾನ್, ಮಾರ್ಗರೆಟ್, ಪ್ಯಾಟ್ರಿಕ್ ಜೋಸೆಫ್. ಜಾನ್ ಕೂಸಾಗಿದ್ದಾಗಲೇ ತೀರಿಕೊಂಡ. 1858ರ ನವೆಂಬರ್ 22ರಂದು ಪ್ಯಾಟ್ರಿಕ್ ಸತ್ತಾಗ ಕಿರಿಯ ಮಗನಿಗೆ ಹತ್ತು ತಿಂಗಳು. ಮರಿಮಗನ ಹತ್ಯೆಯೂ 105 ವರ್ಷಗಳ ನಂತರ ಅದೇ ತಾರೀಖಿನಂದು ನಡೆದದ್ದು ಬರೀ ಕಾಕತಾಳೀಯ, ಆದರೂ ಮರೆಯಲಾಗದ್ದು.

ಮನೆತನದ ಕಥೆಗಳಲ್ಲಿ ಗಂಡಸರ ಹೆಸರೇ ಮೆರೆಯುತ್ತದೆ. ಮನೆ ನಿಲ್ಲಿಸಿದವಳು ಬ್ರಿಜೆಟ್. ವಿಧವೆಯಾದ ಮೇಲೆ ಕೂಲಿನಾಲಿ ಮಾಡಿ, ಕೂಡಿಟ್ಟ ಹಣದಲ್ಲಿ ಚಿಕ್ಕದೊಂದು ಅಂಗಡಿ ಹಾಕಿ ನಾಲ್ಕು ಮಕ್ಕಳನ್ನು ಸಾಕಿದಳು. ಹಡಗುಕಟ್ಟೆಯಲ್ಲಿ ದುಡಿದ ಮಗ ಮುಂದೆ ಮದ್ಯದಂಗಡಿಯ ಒಡೆಯನಾಗಿ, ಮ್ಯಾಸಚೂಸೆಟ್ಸ್ ಶಾಸನಸಭೆ ಸೇರಿದ. ಅವನ ಮಗ ಜೋಸೆಫ್ ಹುಟ್ಟಿದ 1888ರಲ್ಲಿಯೇ, ಡಿಸೆಂಬರ್‌ನಲ್ಲಿ, ಬ್ರಿಜೆಟ್ ತೀರಿಕೊಂಡಳು.

ಪ್ಯಾಟ್ರಿಕ್ ಮತ್ತೆ ಊರು ಕಾಣಲಿಲ್ಲ. 1963ರ ಜೂನ್‌ನಲ್ಲಿ ಅಧ್ಯಕ್ಷ ಕೆನೆಡಿ ಡಂಗನ್ಸ್‌ಟೌನ್‌ಗೆ ಹೋಗಿ, ಆ ಹೊಲಮನೆಯ ಅಂಗಳದಲ್ಲಿ ನೆಂಟರೊಡನೆ ಚಹಾ ಕುಡಿದ.