ಶಿಕಾರಿ ಯಾರದು, ಕಳವು ಯಾರದು?

ಶಿಕಾರಿಪುರ ಅನ್ನೋ ಹೆಸರಿನಲ್ಲೇ ಬೇಟೆ ಇದೆ. ಬಸ್ಸಿನ ಬೋರ್ಡಿನ ಮೇಲೆ, ಪಹಣಿಯ ಮೇಲೆ, ಕೋರ್ಟಿನ ಸಮನ್ಸಿನ ಮೇಲೆ ದಿನಾ ಆ ಹೆಸರು ಓದುತ್ತೇವೆ. ಆದರೆ ಆ ಶಿಕಾರಿ ಮಾಡಿದವರು ಯಾರು, ಹಳು ನುಗ್ಗಿ ಪ್ರಾಣಿ ಸೋವಿದವರು ಯಾರು, ಕೊನೆಗೆ ಪಾಲು ಯಾರಿಗೆ ಹೋಯಿತು ಅಂತ ಕೇಳೋದಿಲ್ಲ. ಚರಿತ್ರೆಯ ಪುಸ್ತಕಗಳೂ ಕೇಳಿಲ್ಲ. ಅದಕ್ಕೇ ನಾವು ಕೇಳಬೇಕಾಗಿದೆ.

ಬಿ. ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರ್ ಈ ಊರಿನ ಮೂರು ಹೆಸರು ಕೊಡುತ್ತದೆ. ಮೊದಲು ಇದು ಮಳಿಯನಹಳ್ಳಿ. ಕೆಳದಿ ಅರಸರ ಕೈಗೆ ಬಂದ ಮೇಲೆ ಮಹಾದಾನಪುರ. 1763ರಲ್ಲಿ ಹೈದರಾಲಿ ಬಿದನೂರು ಗೆದ್ದ. ಆಮೇಲೆ ಹೈದರನ ಕಾಲದಲ್ಲೋ ಟಿಪ್ಪುವಿನ ಕಾಲದಲ್ಲೋ ಬೇಟೆಗೆ ಬಂದಾಗ ಇಲ್ಲಿ ಹೇರಳ ಶಿಕಾರಿ ಸಿಕ್ಕಿತಂತೆ, ಅದರಿಂದ ಶಿಕಾರಿಪುರ ಆಯಿತಂತೆ. ಮೊದಲನೆಯದು ಹಳ್ಳಿಯವರ ಬಾಯಲ್ಲಿ ಹುಟ್ಟಿದ ಹೆಸರು. ಎರಡನೆಯದು ದಾನ ಕೊಟ್ಟ ದೊರೆಯ ಹೆಮ್ಮೆ. ಮೂರನೆಯದು ನಾಲ್ಕು ದಿನ ಬಂದು ಮೋಜು ಮಾಡಿ ಹೋದವರ ನೆನಪು. ದೊರೆ ಬಂದ, ಹೊಡೆದ, ಹೋದ. ಊರಿಗೆ ಅವನ ಬೇಟೆಯೇ ಹೆಸರಾಗಿ ಉಳಿಯಿತು. ಆ ಬೇಟೆಗೆ ದಾರಿ ತೋರಿಸಿದವನ ಹೆಸರು ಗೆಜೆಟಿಯರಿನಲ್ಲಿಲ್ಲ.

ಇದು ಹೈದರನಿಂದ ಶುರುವಾದ ಕಥೆಯೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರದ ದೊಡ್ಡ ಪಟ್ಟಣ. ಆ ವಂಶದ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಕೋಳಿ ಅಂಕ ಉಂಟು, ಗಿಡುಗ ಬಿಟ್ಟು ಹಕ್ಕಿ ಹಿಡಿಸೋದು ಉಂಟು, ಬೇಟೆಯ ಬಗೆಬಗೆಯ ವಿಧಾನ ಉಂಟು. ಎಲ್ಲದಕ್ಕೂ ಇಟ್ಟ ಹೆಸರು 'ವಿನೋದ'. ದೊರೆಗೆ ವಿನೋದವಾದದ್ದು ಕಾಡಂಚಿನವನಿಗೆ ಹೊಟ್ಟೆಪಾಡು. ಗಿಡುಗ ಹಿಡಿದು ಪಳಗಿಸಿದವನು, ಬಲೆ ಹೆಣೆದವನು, ಹೆಜ್ಜೆಗುರುತು ನೋಡಿ ಹೇಳಿದವನು ಯಾವ ಜಾತಿಯವನು? ಸಂಸ್ಕೃತ ಶ್ಲೋಕ ಬರೆದವನು ಆ ವಿದ್ಯೆಯನ್ನು ಅರಮನೆಯಲ್ಲಿ ಕೂತು ಕಲಿತಿರಲಾರ. ಯಾವನೋ ಬೇಡನ ಬಾಯಿಂದಲೇ ಕೇಳಿರಬೇಕು.

ಮಂಡ್ಯ ಸೀಮೆಯ ಆತಕೂರಿನ ಶಾಸನ ಎಲ್ಲ ಮೇಷ್ಟ್ರುಗಳಿಗೂ ಗೊತ್ತು. ಸುಮಾರು ಕ್ರಿ.ಶ. 949-50ರದ್ದು. ರಾಷ್ಟ್ರಕೂಟ ಮೂರನೇ ಕೃಷ್ಣ ಮಣಲೇರ ಅನ್ನೋ ವೀರನಿಗೆ ಕಾಳಿ ಎಂಬ ನಾಯಿ ಕೊಟ್ಟ. ಆ ನಾಯಿ ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು. ನಾಯಿಗೆ ಕಲ್ಲು ನಿಲ್ಲಿಸಿದ್ದಕ್ಕೆ ನಮ್ಮ ತಕರಾರಿಲ್ಲ, ಅದು ಒಳ್ಳೇ ನಾಯಿ. ಆದರೆ ಅದೇ ನಾಡಿನಲ್ಲಿ ಮುಳ್ಳುಕಂಟಿಯೊಳಗೆ ನುಗ್ಗಿ, ಹಂದಿಯ ಕೋರೆಗೆ ಹೊಟ್ಟೆ ಕೊಟ್ಟ ಕೇರಿಯವರ ಹೆಸರು ಎಷ್ಟು ಕಲ್ಲಿನ ಮೇಲಿದೆ? ಶಿಕಾರಿಪುರದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ ಏಳನೇ ಸಂಪುಟದಲ್ಲಿ, ಸೊರಬದವು ಎಂಟನೆಯದರಲ್ಲಿ ಅಚ್ಚಾಗಿವೆ. ಓದುವ ವಿದ್ಯಾರ್ಥಿಗಳು ಈ ಒಂದು ಪ್ರಶ್ನೆ ಇಟ್ಟುಕೊಂಡು ಓದಿ ನೋಡಲಿ.

ಹುಲಿ, ಹಂದಿ ಬೇಟೆಗೆ ಶಾಸನ ಉಂಟು, ಕಥೆ ಉಂಟು. ಶಿಕಾರಿಪುರದ ಮಗ್ಗುಲಿನ ಚೋರಡಿಯ ಹುಲಿಯ ಮೇಲೆ ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಕಥೆ ಬರೆದ. ಬಡವನ ಬೇಟೆ ಹುಲಿಯದಲ್ಲ. ಅವನದು ಹಕ್ಕಿಬೇಟೆ. ಕೋವಿ ಇಲ್ಲದವನಿಗೆ, ಕುದುರೆ ಇಲ್ಲದವನಿಗೆ ಒಂದು ಹಗ್ಗದ ಉರುಲು, ಒಂದು ಬಲೆ, ಆಲದ ಹಾಲಿನದೋ ಹಲಸಿನ ಮೇಣದ್ದೋ ಅಂಟು ಸಾಕು. ಸೊರಬದ ಕಡೆ ಕಾಡು ದಟ್ಟ, ಅಲ್ಲಿ ಕಾಡುಕೋಳಿ, ಚಿಟ್ಟುಕೋಳಿ. ಶಿಕಾರಿಪುರದ ಮೂಡಲಿಗೆ ಬಂದರೆ ಅರೆಮಲೆನಾಡು, ಹೊಲದ ಬದು, ಕುರುಚಲು. ಅಲ್ಲಿ ಗೌಜಲಹಕ್ಕಿ, ಬುರ್ಲಿ.

ಕಾಡುಕೋಳಿಯನ್ನೇ ನೋಡಿ. ನಮ್ಮ ಬೂದು ಕಾಡುಕೋಳಿ ದಕ್ಷಿಣ ಭಾರತ ಮತ್ತು ಪಶ್ಚಿಮ ಭಾರತದ ಕಾಡುಗಳಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಹುಂಜದ ಕುತ್ತಿಗೆಯ ಗರಿಗಳ ಮೇಲೆ ಮೇಣ ತೊಟ್ಟಿಕ್ಕಿದ ಹಾಗೆ ಬಿಳಿ, ಹಳದಿ ಚುಕ್ಕೆ. ರಾತ್ರಿ ಮರದ ಮೇಲೆ ಮಲಗುತ್ತದೆ, ಬೆಳಕು ಹರಿಯೋ ಹೊತ್ತಿಗೆ ಕೂಗುತ್ತದೆ. ಆದರೆ ಊರ ಹುಂಜದ ಹಾಗೆ ಉದ್ದಕ್ಕೆ ಎಳೆಯೋದಿಲ್ಲ, ತುಂಡು ತುಂಡು ಕೂಗು. ಹೆಚ್ಚಾಗಿ ಮಾಘದಿಂದ ವೈಶಾಖದ ತನಕ ನೆಲದ ಮೇಲೆ ಮೊಟ್ಟೆ ಇಡುತ್ತದೆ, ನಾಲ್ಕರಿಂದ ಏಳು. ಮಳೆಗಾಲ ಹಿಡಿದಾಗ ಹುಂಜ ತನ್ನ ಚುಕ್ಕೆ ಗರಿ ಉದುರಿಸಿ ಮಂಕಾಗುತ್ತದೆ, ಮತ್ತೆ ಗರಿ ಬರೋ ತನಕ ಪೊದೆಯಲ್ಲಿ ಅಡಗಿರುತ್ತದೆ. ಬಿದಿರು ಹೂಬಿಟ್ಟು ಅಕ್ಕಿ ಉದುರಿದ ವರ್ಷ ಹಿಂಡು ಹಿಂಡಾಗಿ ಬಂದು ಸೇರುತ್ತದೆ.

ಇದೆಲ್ಲ ಪಕ್ಷಿಶಾಸ್ತ್ರದ ಪುಸ್ತಕದಲ್ಲಿ ಅಚ್ಚಾಗಿರೋ ಮಾತು. ಪುಸ್ತಕ ಬರೋದಕ್ಕೆ ಎಷ್ಟೋ ಮುಂಚೆ ಉರುಲು ಹಾಕೋನಿಗೆ ಇದು ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಅವನ ಮನೆ ಒಲೆ ಹತ್ತುತ್ತಿರಲಿಲ್ಲ. ಸಾಕಿದ ಹುಂಜವನ್ನು ಕಾಡಂಚಿನಲ್ಲಿ ಗೂಟಕ್ಕೆ ಕಟ್ಟಿ, ಸುತ್ತ ಉರುಲು ನೆಟ್ಟು, ದೂರ ಕೂರುತ್ತಿದ್ದರು. ಸಾಕಿದ ಹುಂಜ ಕೂಗಿತು ಅಂದರೆ ಕಾಡಿನ ಹುಂಜಕ್ಕೆ ಸಿಟ್ಟು: ನನ್ನ ಸೀಮೆಯಲ್ಲಿ ಯಾರಿದು? ಜಗಳಕ್ಕೆ ನುಗ್ಗಿ ಬಂದದ್ದು ಉರುಲಿಗೆ ಸಿಗುತ್ತಿತ್ತು.

ಇಂಥದೇ ವಿದ್ಯೆ ಲೋಕದ ಇನ್ನೊಂದು ಮೂಲೆಯಲ್ಲೂ ಇತ್ತು. ಅಮೆರಿಕದ ಕಾಡಿನಲ್ಲಿ ಟರ್ಕಿ ಕೋಳಿ ಉಂಟು. ನಮ್ಮ ಕಾಡುಕೋಳಿಯ ಹಾಗೇ ರಾತ್ರಿ ಮರ ಹತ್ತುತ್ತದೆ. ವಸಂತದಲ್ಲಿ ಬೆಳಗಿನ ಜಾವ ಗಂಡು ಗಂಟಲು ಬಿಟ್ಟು ಕೂಗಿ, ಬಾಲ ಬಿಚ್ಚಿ ಕುಣಿಯುತ್ತದೆ. ಅಲ್ಲಿನ ಮೂಲನಿವಾಸಿಗಳು ಅದೇ ಹಕ್ಕಿಯ ರೆಕ್ಕೆಯ ಮೂಳೆಯಿಂದ ಪೀಪಿ ಮಾಡಿ ಹೆಣ್ಣಿನ ದನಿ ಹೊರಡಿಸಿ ಗಂಡನ್ನು ಕರೆಯುತ್ತಿದ್ದರು. ಅದನ್ನು ಸಾಕುಕೋಳಿ ಮಾಡಿದವರು ಮೆಕ್ಸಿಕೋದ ಮೂಲಜನ. ಹದಿನಾರನೇ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಹೊತ್ತರು. ಪೋರ್ಚುಗೀಸರ ಗೋವೆಯ ಮೂಲಕ 1612ರಲ್ಲಿ ಜಹಾಂಗೀರನ ಆಸ್ಥಾನಕ್ಕೂ ಒಂದು ಬಂತು. ಮನ್ಸೂರ್ ಅನ್ನೋ ಕಲಾವಿದನ ಕೈಲಿ ಅದರ ಚಿತ್ರ ಬರೆಸಿದ.

ಆ ಹಕ್ಕಿಯ ಹೆಸರಿನ ಕಥೆ ಕೇಳಿ. ಇಂಗ್ಲಿಷರು ಅದನ್ನು ತುರ್ಕಿ ದೇಶದ ಕೋಳಿ ಅಂದರು. ತುರ್ಕರು 'ಹಿಂದಿ' ಅಂದರು, ಅಂದರೆ ಹಿಂದೂಸ್ತಾನದ್ದು. ಡಚ್ಚರು ಕಲ್ಲಿಕೋಟೆಯ ಹೆಸರು ಹಚ್ಚಿ 'ಕಾಲ್ಕೂನ್' ಅಂದರು. ಪೋರ್ಚುಗೀಸರು 'ಪೆರು' ಅಂದರು. ಅದನ್ನು ಸಾಕಿ ಬೆಳೆಸಿದ ಮೆಕ್ಸಿಕೋದ ಮೂಲಜನರ ಹೆಸರು ಮಾತ್ರ ಇವರಲ್ಲಿ ಒಬ್ಬರ ಬಾಯಿಗೂ ಬರಲಿಲ್ಲ. ಮಳಿಯನಹಳ್ಳಿಗೆ ಆದದ್ದೇ ಆ ಹಕ್ಕಿಗೂ ಆಯಿತು.

ಮುಂದಿನದೂ ನಮಗೆ ಪಾಠವೇ. ಬಿಳಿಯರು ಕಾಡು ಕಡಿದರು, ಮಾರುಕಟ್ಟೆಗೆ ಅಂತ ಲೆಕ್ಕವಿಲ್ಲದೆ ಹೊಡೆದರು. 1930ರ ದಶಕದ ಹೊತ್ತಿಗೆ ಎಷ್ಟೋ ರಾಜ್ಯಗಳಲ್ಲಿ ಕಾಡು ಟರ್ಕಿ ಇಲ್ಲವಾಗಿತ್ತು. 1937ರಲ್ಲಿ ಕೋವಿ, ತೋಟಾಗಳ ತೆರಿಗೆಯನ್ನು ವನ್ಯಜೀವಿಗಳಿಗೇ ಮೀಸಲಿಡುವ ಕಾಯಿದೆ ಮಾಡಿದರು. ಉಳಿದ ಕಡೆಯಿಂದ ಕಾಡುಹಕ್ಕಿ ಹಿಡಿದು ತಂದು ಖಾಲಿ ಕಾಡಿಗೆ ಬಿಟ್ಟರು. ಇವತ್ತು ಅಲ್ಲಿ ಟರ್ಕಿ ಲಕ್ಷಗಟ್ಟಲೆ. ಒಳ್ಳೇ ಕೆಲಸ, ಒಪ್ಪೋಣ. ಆದರೆ ಹಕ್ಕಿ ಕಾಡಿಗೆ ಮರಳಿತೇ ಹೊರತು, ರೆಕ್ಕೆಮೂಳೆಯ ಪೀಪಿ ಮಾಡಿದವರಿಗೆ ನೆಲ ಮರಳಲಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ನಮ್ಮ ಕಾಡುಕೋಳಿಯ ಚುಕ್ಕೆಗರಿ ವಿಲಾಯಿತಿಗೆ ಹೋಗುತ್ತಿತ್ತು. ಯಾಕೆ? ಅಲ್ಲಿನ ಸಿರಿವಂತರು ಮೋಜಿಗೆ ಮೀನು ಹಿಡಿಯುವ ಗಾಳಕ್ಕೆ ಅಂದದ ಗರಿ ಬೇಕಿತ್ತು. ಇನ್ನೊಂದು ಸಂಗತಿ. 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡವೊಂದು ಒಂದು ಶೋಧ ಪ್ರಕಟಿಸಿತು: ಸಾಕುಕೋಳಿಯ ಹಳದಿ ಚರ್ಮ, ಹಳದಿ ಕಾಲಿನ ಗುಣ ಬಂದದ್ದು ಉತ್ತರದ ಕೆಂಪು ಕಾಡುಕೋಳಿಯಿಂದಲ್ಲ, ನಮ್ಮ ಬೂದು ಕಾಡುಕೋಳಿಯಿಂದ. ಅಂದರೆ ಯಾವುದೋ ಕಾಲದಲ್ಲಿ ಈ ನಾಡಿನ ಕಾಡಂಚಿನ ಮನೆಯ ಹೇಟೆಯೂ ಕಾಡಿನ ಹುಂಜವೂ ಕೂಡಿವೆ. ಇವತ್ತು ಲೋಕದ ಮೂಲೆಮೂಲೆಯ ಕೋಳಿಯ ಕಾಲಿನಲ್ಲಿ ಈ ಕಾಡಿನ ಬಣ್ಣ ಇದೆ. ಕೋಳಿ ಸಾಕಿದ ಹೆಂಗಸರ ವಿದ್ಯೆ ಇದು, ಇದಕ್ಕೂ ಯಾವ ಕಲ್ಲೂ ಇಲ್ಲ.

ಕಲ್ಲು ಹೋಗಲಿ, ಬಂದದ್ದು ಕಾಯಿದೆ. 1900ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಕಾಯಿದೆ, 1901ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣೆಯ ಕಾಯಿದೆ. ಕಾಡೂ ಬೇಟೆಯೂ ಸರ್ಕಾರದ ಅಪ್ಪಣೆಗೆ ಸೇರಿದವು. ಅಪ್ಪಣೆ ಸಿಗೋದು ಯಾರಿಗೆ? ಓದು ಬರಹ ಬಲ್ಲವನಿಗೆ, ಕೋವಿ ಇದ್ದವನಿಗೆ, ಅಮಲ್ದಾರನ ಎದುರು ಕುರ್ಚಿ ಸಿಗೋನಿಗೆ. ಅಪ್ಪಣೆ ಇದ್ದವನು ಶಿಕಾರಿ, ಇಲ್ಲದವನು ಕಳ್ಳ. ಅತ್ತ ಬ್ರಿಟಿಷ್ ಇಂಡಿಯಾದಲ್ಲಿ 1871ರಿಂದ ಅಲೆಮಾರಿ ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದ್ದರು. ಆ ಕಾಯಿದೆ ಹೋಗಿದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಬೇಕಾದ ಕಾಯಿದೆಯೇ. ಆದರೆ ಮೊದಲಿಗೆ ಅದರಲ್ಲೂ ಲೈಸೆನ್ಸು ಪಡೆದು ಬೇಟೆಯಾಡೋಕೆ ಅವಕಾಶ ಇತ್ತು. ಅದನ್ನು ತೆಗೆದುಹಾಕಿದ್ದು 1991ರ ತಿದ್ದುಪಡಿ. ಹೆಸರಿನಲ್ಲೇ ಹಕ್ಕಿ ಇರುವ ಹಕ್ಕಿಪಿಕ್ಕಿ ಜನರನ್ನು ನೋಡಿ. ಹಕ್ಕಿ ಹಿಡಿದು ಮಾರಿ ಬದುಕಿದವರು, ಮನೆಯಲ್ಲಿ ವಾಗ್ರಿ ಮಾತಾಡುವವರು. ಶಿವಮೊಗ್ಗ ತಾಲ್ಲೂಕಿನ ಸದಾಶಿವಪುರದಲ್ಲಿ ಅವರ ಕ್ಯಾಂಪ್ ಇದೆ. ಕಾಯಿದೆ ಬಿಗಿಯಾದ ಮೇಲೆ ಬಲೆ ಮಡಿಸಿಟ್ಟರು. ಪ್ಲಾಸ್ಟಿಕ್ ಹೂವು, ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರುತ್ತಾ ಆಫ್ರಿಕಾದ ತನಕ ನಡೆದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡನಾಡಿನವರಲ್ಲಿ 30ಕ್ಕೂ ಹೆಚ್ಚು ಹಕ್ಕಿಪಿಕ್ಕಿಗಳಿದ್ದರು. ಕಾಡಿನ ಕಸುಬು ಕಿತ್ತುಕೊಂಡವರು ನೆಲ ಕೊಟ್ಟಿದ್ದರೆ ಅವರು ಅಲ್ಲಿಗೆ ಯಾಕೆ ಹೋಗುತ್ತಿದ್ದರು?

2006ರ ಅರಣ್ಯ ಹಕ್ಕು ಕಾಯಿದೆ ಕಾಡಿನವರಿಗೆ ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪಿತು, ಬೇಟೆ ಮತ್ತು ಬಲೆ ಹಾಕುವುದನ್ನು ಮಾತ್ರ ಹೊರಗಿಟ್ಟಿತು. ಬುಡಕಟ್ಟಿಗೆ ಸೇರದ ಕಾಡಂಚಿನವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಸೊರಬ, ಶಿಕಾರಿಪುರದ ಬಗರ್‌ಹುಕುಂ ಸಾಗುವಳಿದಾರ ಆ ಕಾಗದ ಎಲ್ಲಿಂದ ತರುತ್ತಾನೆ? ಅವನ ಅಜ್ಜನ ಹೆಸರು ಕಲ್ಲಿನ ಮೇಲೂ ಬರೆದಿಲ್ಲ, ಕಾಗದದ ಮೇಲೂ ಬರೆದಿಲ್ಲ.

ಹಕ್ಕಿ ಕಮ್ಮಿಯಾಗಿದ್ದಕ್ಕೆ ಉರುಲು ಹಾಕುವವನನ್ನು ಹಿಡಿಯೋದು ಸುಲಭ. ಆದರೆ ಕಾಡಿನ ನೆಲವನ್ನೇ ಬದಲಾಯಿಸಿದವರ ಲೆಕ್ಕ? ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಿಂದ 40 ವರ್ಷದ ಗುತ್ತಿಗೆಗೆ ಶಿವಮೊಗ್ಗ ಜಿಲ್ಲೆಯ ಸಾವಿರಾರು ಹೆಕ್ಟೇರ್ ಅರಣ್ಯ ಕೊಟ್ಟರು. ನೀಲಗಿರಿ, ಅಕೇಶಿಯಾ ಬಂದವು. ಗುತ್ತಿಗೆ 2020ರಲ್ಲಿ ಮುಗಿಯಿತು. ಅಕೇಶಿಯಾ ಬೇಡ ಅಂತ ಜಿಲ್ಲೆಯ ಜನ ಬೀದಿಗಿಳಿದರು. ಅಕೇಶಿಯಾದ ಒಣ ಎಲೆಯ ಹಾಸಿನ ಕೆಳಗೆ ಕಾಡುಕೋಳಿ ಕೆದಕಿ ತಿನ್ನೋಕೆ ಏನಿದೆ? ಬಿದಿರಕ್ಕಿ ಇಲ್ಲ, ಹಣ್ಣಿಲ್ಲ, ಮರಿ ಅಡಗಿಸೋಕೆ ಪೊದೆ ಇಲ್ಲ. ಇಂಥ ಪ್ರಶ್ನೆಯನ್ನೇ ನೆರೆಯ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು 1987ರ ನವೆಂಬರ್ 14ರಂದು ಕೇಳಿದರು. ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ಅದರ ಹೆಸರು 'ಕಿತ್ತಿಕೋ ಹಚ್ಚಿಕೋ'. ಊರವರೇ ಇಟ್ಟುಕೊಂಡ ಹೆಸರು ಅಂದರೆ ಹೀಗಿರುತ್ತದೆ.

ಹಾಗಂತ ಹಳೇ ಬೇಟೆಯನ್ನು ಸ್ವರ್ಗ ಮಾಡಿ ತೋರಿಸೋದು ನಮ್ಮ ಕೆಲಸ ಅಲ್ಲ. ಬೇಟೆಯ ಪಾಲಿನಲ್ಲೂ ಜಾತಿ ಇತ್ತು. ಧಣಿ ಕೋವಿ ಹಿಡಿದು ಬಿಲ್ಲಿಗೆ ಕೂರುತ್ತಿದ್ದ. ಹೊಲೆಯರು, ಮಾದಿಗರು, ಆಳುಮಕ್ಕಳು ಬಿಟ್ಟಿಯಾಗಿ ಹಳು ಸೋವುತ್ತಿದ್ದರು. ಕೋವಿಗೊಂದು ಪಾಲು, ನಾಯಿಗೊಂದು ಪಾಲು. ಕೇರಿಯವನಿಗೆ ಧಣಿಯ ಮನಸ್ಸು ಬಂದಷ್ಟು. ಬೇಟೆಗೆ ಹೋಗದ ಹೆಂಗಸಿಗೆ ಮಸಾಲೆ ಅರೆಯುವ ಪಾಲು. ಇದನ್ನು ಮುಚ್ಚಿಟ್ಟು ಸಂಸ್ಕೃತಿ, ಪರಂಪರೆ ಅಂತ ಹಾಡುವವರ ಜೊತೆ ನಾವಿಲ್ಲ. ಮತ್ತೆ ಕೊಲ್ಲುವ ಹಕ್ಕು ಕೊಡಿ ಅಂತಲೂ ಕೇಳುತ್ತಿಲ್ಲ. ಕಾಡುಕೋಳಿ ಬದುಕಬೇಕು. ಸೊರಬ ತಾಲ್ಲೂಕಿನ ಗುಡವಿ ಕೆರೆಗೆ ಮಳೆಗಾಲದಲ್ಲಿ ಕೆಂಬರಲು, ನೀರುಕಾಗೆಗಳು ಬಂದು ಗೂಡು ಕಟ್ಟುತ್ತವೆ. 1989ರಲ್ಲಿ ಅದನ್ನು ಪಕ್ಷಿಧಾಮ ಅಂತ ಘೋಷಿಸಿದರು. ಅಲ್ಲಿ ಹಕ್ಕಿಗೆ ಭಯ ಇಲ್ಲದಿರೋದು ನಮಗೂ ಸಂತೋಷವೇ.

ನಾವು ಕೇಳೋದು ಇಷ್ಟು. ಹಕ್ಕಿ ಬಲ್ಲವನನ್ನು ಕಳ್ಳ ಅನ್ನಬೇಡಿ. ಕಾಡು ಕಾಯುವ ಕೆಲಸಕ್ಕೆ, ಹಕ್ಕಿ ಎಣಿಸುವ ಕೆಲಸಕ್ಕೆ ಮೊದಲು ಅವನನ್ನು, ಅವಳನ್ನು ಕರೆಯಿರಿ, ಕೂಲಿ ಅಲ್ಲ, ಸಂಬಳ ಕೊಡಿ. ಕಸುಬು ಕಳೆದುಕೊಂಡವರಿಗೆ ನೆಲ ಕೊಡಿ. ನೆಡುತೋಪಿನ ಗುತ್ತಿಗೆ ಮುಗಿದ ಜಾಗದಲ್ಲಿ ಏನು ಬೆಳೆಯಬೇಕು ಅನ್ನೋದನ್ನು ಗ್ರಾಮಸಭೆಯಲ್ಲಿ ಕೇಳಿ.

ಮೇಷ್ಟ್ರುಗಳಿಗೆ, ವಿದ್ಯಾರ್ಥಿ ಗೆಳೆಯರಿಗೆ ಒಂದು ಮಾತು. ನಿಮ್ಮೂರ ಕೇರಿಯಲ್ಲಿ, ಕ್ಯಾಂಪಿನಲ್ಲಿ ಉರುಲು ಹಾಕಿ ಗೊತ್ತಿರೋ ಮುದುಕರು, ಕೋಳಿ ಸಾಕಿದ ಅಜ್ಜಿಯರು ಇನ್ನೂ ಇದ್ದಾರೆ. ಎಷ್ಟು ಹಕ್ಕಿಗೆ ಎಷ್ಟು ಹೆಸರು, ಯಾವುದು ಯಾವ ತಿಂಗಳು ಮೊಟ್ಟೆ ಇಡುತ್ತೆ, ಬಿದಿರು ಹೂಬಿಟ್ಟ ವರ್ಷ ಏನಾಯಿತು, ಧಣಿಯ ಬೇಟೆಯಲ್ಲಿ ಯಾರಿಗೆ ಏಟು ಬಿತ್ತು, ಪಾಲು ಎಷ್ಟು ಸಿಕ್ಕಿತು, ಎಲ್ಲ ಕೇಳಿ. ಅವರ ಮಾತಿನಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಹೇಳಿದವರು ಒಪ್ಪಿದರೆ ಅವರ ಹೆಸರನ್ನು ಮೊದಲು ಬರೆಯಿರಿ.