ಮಣೆಯ ಮೇಲೆ ಬೆಳೆದ ವಿದ್ಯೆ

ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು ರಂಧ್ರಗಳುಳ್ಳ ಪ್ಲಾಸ್ಟಿಕ್ ಫಲಕವನ್ನು ಇಂದು ‘ಬ್ರೆಡ್‌ಬೋರ್ಡ್’ ಎನ್ನುತ್ತಾರೆ. ಈ ಹೆಸರು ಬಂದುದು ಅಡುಗೆಮನೆಯಿಂದ. 1920ರ ದಶಕದ ಅಮೆರಿಕದಲ್ಲಿ ರೇಡಿಯೋ ಹವ್ಯಾಸಿಗಳು ಬ್ರೆಡ್ಡು ಕೊಯ್ಯುವ ಮಣೆಗೇ ಮೊಳೆ ಹೊಡೆದು, ತಾಮ್ರದ ತಂತಿ ಬಿಗಿದು ರಿಸೀವರುಗಳನ್ನು ಕಟ್ಟುತ್ತಿದ್ದರು. ಆ ದಶಕದ ಆರಂಭದಲ್ಲಿ ಫಿಲಡೆಲ್ಫಿಯಾದ ಅಟ್‌ವಾಟರ್ ಕೆಂಟ್ ಕಂಪನಿ ಮಾರಿದ ರೇಡಿಯೋಗಳೂ ಬರಿಯ ಹಲಗೆಯ ಮೇಲೆಯೇ ಕುಳಿತಿದ್ದವು.

ಮರವೇ ಏಕೆ? ಒಣಮರ ಮೊಳೆಯನ್ನು ಬಿಗಿಯಾಗಿ ಹಿಡಿಯುತ್ತದೆ, ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದು. ತೇವ ಹೀರಿದರೆ ಮಾತ್ರ ಈ ಗುಣ ಕೆಡುತ್ತದೆ.

1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗ ನೆರೆಯ ಬೆಳಗಾವಿಗೂ ಕನ್ನಡದ ದನಿ ಹತ್ತಿರವಾಯಿತು. ಹಲಗೆಗಂತೂ ಇಲ್ಲಿ ಕೊರತೆಯಿಲ್ಲ. ಖಾನಾಪುರದ ಕಾಡು ಸಾಗವಾನಿ ಬೆಳೆವ ನೆಲ. ಬಡಗಿಯಲ್ಲಿ ಉಳಿದ ತುಂಡೊಂದು ಸಾಕು. ಆದರೆ ಅಲ್ಲಿಯ ಮಳೆಗಾಲ ದೀರ್ಘವಾದುದು. ಆದುದರಿಂದ ಮಂಡಲದ ನಕ್ಷೆಯನ್ನು ಹಲಗೆಗೆ ಅಂಟಿಸಿ, ಎಲ್ಲ ಮಗ್ಗುಲಿಗೂ ವಾರ್ನಿಷ್ ಬಳಿದು ಒಣಗಿಸಬೇಕು. ಬಳಿಕ ತಂತಿಗಳು ಕೂಡುವಲ್ಲೆಲ್ಲ ಹಿತ್ತಾಳೆಯ ಮೊಳೆ ಹೊಡೆದು ಬೆಸುಗೆ ಹಾಕಬೇಕು. ಬ್ಯಾಟರಿಯಿಂದ ನಡೆಯುವ ಪ್ರಯೋಗಗಳಿಗಷ್ಟೇ ಇದು ತಕ್ಕುದು. ಮನೆಯ ವಿದ್ಯುತ್ತನ್ನು ಇದಕ್ಕೆ ಜೋಡಿಸಲಾಗದು.

ಪ್ಲಾಸ್ಟಿಕ್ ಫಲಕ ಕೆಲಸವನ್ನು ಬೇಗ ಮುಗಿಸುತ್ತದೆ; ಆದರೆ ಅದರ ಸಂಪರ್ಕಗಳೆಲ್ಲ ಒಳಗೆ ಅಡಗಿವೆ. ಮರದ ಮಣೆಯಲ್ಲಿ ನಕ್ಷೆಯೇ ಯಂತ್ರ. ವಿದ್ಯುತ್ತಿನ ಹಾದಿಯನ್ನು ಕಲಿಯುವ ಮಗು ಬೆರಳಿಟ್ಟು ತೋರಿಸಬಲ್ಲದು.